ಸಂತಾನ ಚಿಕಿತ್ಸೆಯಲ್ಲಿ ಅದತ್ತಾದಾನ

ಸಂತಾನಾಪೇಕ್ಷೆಯಿಂದ ವೈದ್ಯರಲ್ಲಿಗೆ ಹೋಗುವ ದಂಪತಿಗಳಿಗೆ ಅಂಡೋತ್ಪತ್ತಿಯ ದಿನವನ್ನು ಗುರುತಿಸಿಕೊಳ್ಳುವಂತೆ ಸೂಚಿಸುವುದುಂಟು. ಋತುಚಕ್ರದ ಒಂಬತ್ತು ಅಥವಾ ಹತ್ತನೆಯ ದಿನದಿಂದ ದಿನ ಬಿಟ್ಟು ದಿನ ಸ್ಕ್ಯಾನಿಂಗ್ ಮಾಡಿ, ಅಂಡಾಶಯದೊಳಗಿನ ಕೋಶಕವು ಸುಮಾರು 20 ಮಿಲಿಮೀಟರಿನಷ್ಟು ಬೆಳೆದು ಒಡೆಯುವುದನ್ನು ಪರಿಶೀಲಿಸುತ್ತಾರೆ. ಇದರಲ್ಲಿ ಜೀವಹಾನಿಯಿಲ್ಲ, ನೋಡುವುದಷ್ಟೆ. ಸ್ವದಾರಸಂತೋಷ ವ್ರತವುಳ್ಳ ಗೃಹಸ್ಥನಿಗೆ ಇದರಿಂದ ದೋಷವೆನ್ನಲು ಕಾರಣ ಕಾಣದು.

ವೈದ್ಯರು ಹೇಳಿದ ದಿನ ಚತುರ್ದಶಿಯಾದರೆ? ಪರ್ವತಿಥಿಗಳಲ್ಲಿ ಬ್ರಹ್ಮಚರ್ಯವನ್ನು ಪಾಲಿಸುವವರಿಗೆ ಈ ಸಂಕಟ ನಿಜವಾದದ್ದು. ಇಲ್ಲಿ ಶರೀರಶಾಸ್ತ್ರವೇ ನೆರವಿಗೆ ಬರುತ್ತದೆ. ಹೊರಬಂದ ಅಂಡಾಣು 12ರಿಂದ 24 ಗಂಟೆಗಳು ಮಾತ್ರ ಬದುಕುವುದಾದರೂ, ವೀರ್ಯಾಣುಗಳು ಸ್ತ್ರೀಶರೀರದಲ್ಲಿ ಐದು ದಿನಗಳವರೆಗೂ ಉಳಿಯಬಲ್ಲವು. ಹೀಗೆ ಅನುಕೂಲ ದಿನಗಳು ಸುಮಾರು ಆರು. ಒಂದು ತಿಥಿಯನ್ನು ಬಿಟ್ಟ ಮಾತ್ರಕ್ಕೆ ಆ ತಿಂಗಳು ವ್ಯರ್ಥವಾಗದು.

ನನ್ನ ಚಿಂತೆ ಬೇರೆಯದು. ಹೊರಗೆ ಕೂರುವ ಪದ್ಧತಿ ಉಳಿದಿರುವ ಮನೆಗಳಲ್ಲಿ ಸೊಸೆಯ ಋತುದಿನ ಎಲ್ಲರಿಗೂ ತಿಳಿದೇ ಇರುತ್ತದೆ. ಈಗ ಕೋಶಕದ ಅಳತೆಯೂ ಅಡಿಗೆಮನೆಯ ಮಾತಾಗುತ್ತಿದೆ. ಕೊಡದಿರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ. ಅಚೌರ್ಯವ್ರತವನ್ನು ನಾವು ಹಣಕಾಸಿಗೆ, ತೂಕ-ಅಳತೆಗಳಿಗೆ ಮಾತ್ರ ಅನ್ವಯಿಸಿ ಸುಮ್ಮನಾಗುತ್ತೇವೆ. ಆಕೆಯು ತಾನಾಗಿ ತೋರಿಸದ ವರದಿಯನ್ನು ಬಿಡಿಸಿ ಓದುವುದು, ಅದನ್ನು ನೆಂಟರಿಷ್ಟರಿಗೆ ತಿಳಿಸುವುದು ಆ ವ್ರತಕ್ಕೆ ಕಳಂಕವಲ್ಲವೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರು ವಿಶೇಷ ಚಿಕಿತ್ಸೆಗೆ ತುಮಕೂರಿಗೋ ಬೆಂಗಳೂರಿಗೋ ಹೋಗುವುದು ರೂಢಿ. ಪಾವಗಡದಿಂದ ತುಮಕೂರಿಗೆ ಹೋಗಿ ಬರಲು ಸುಮಾರು 200 ಕಿಲೋಮೀಟರ್. ದಿನ ಬಿಟ್ಟು ದಿನ ಈ ಬಸ್ ಪ್ರಯಾಣ ಅಗತ್ಯವೇ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಅಂಡೋತ್ಪತ್ತಿಗಾಗಿ ಗುಳಿಗೆ ಸೇವಿಸುವವಳಿಗೆ ಸ್ಕ್ಯಾನಿಂಗ್ ಬೇಕು. ಒಂದಕ್ಕಿಂತ ಹೆಚ್ಚು ಅಂಡಾಣುಗಳು ಬೆಳೆದು ಅವಳಿ ಗರ್ಭವಾಗುವ ಸಂಭವವುಂಟು. ಮುಟ್ಟು ಕ್ರಮವಾಗಿರುವವಳಿಗಾದರೋ, 28 ದಿನಗಳ ಚಕ್ರದಲ್ಲಿ 21ನೆಯ ದಿನದ ಪ್ರೊಜೆಸ್ಟರಾನ್ ರಕ್ತಪರೀಕ್ಷೆಯೇ ಅನೇಕ ವೇಳೆ ಸಾಕಾಗುತ್ತದೆ. ಪ್ರಯೋಜನವಿಲ್ಲದೆ ಕೊಡುವ ನೋವನ್ನು ನಮ್ಮ ಹಿರಿಯರು ಅನರ್ಥದಂಡವೆಂದು ಕರೆದಿದ್ದಾರೆ.

ಇನ್ನು ಪುರುಷನ ವಿಷಯ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಪುರುಷನಲ್ಲಿನ ಕಾರಣವೂ ಸೇರಿರುತ್ತದೆ. (‘ಬಂಜೆ’ ಎಂಬ ಶಬ್ದಕ್ಕೆ ನಮ್ಮ ಬಳಕೆಯಲ್ಲಿ ಪುಲ್ಲಿಂಗವಿಲ್ಲದಿರುವುದು ಗಮನಾರ್ಹ.) ವೀರ್ಯಪರೀಕ್ಷೆಗೆ ಒಂದು ಬೆಳಗು ಸಾಕು. ಅದಕ್ಕೊಪ್ಪದ ಮಗನನ್ನು ಅಂಗಡಿಯಲ್ಲಿ ಕೂರಿಸಿ, ಸೊಸೆಯನ್ನು ತಿಂಗಳು ತಿಂಗಳೂ ಬಸ್ಸು ಹತ್ತಿಸುವುದು ನ್ಯಾಯವಲ್ಲ. ತಂದೆಯಾದವನು ಇದನ್ನು ಮಗನಿಗೆ ಏಕಾಂತದಲ್ಲಿ ಹೇಳಬೇಕು, ಬಸದಿಯ ಜಗುಲಿಯಲ್ಲಲ್ಲ.