ಮೇರುವಿಲ್ಲದ ಜಗತ್ತು

ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪ ಹೇಳಿಸುತ್ತಾರಲ್ಲ, ಕಿವಿಗೊಟ್ಟು ಕೇಳಿದರೆ ಅದೊಂದು ವಿಳಾಸ. ಯಾವ ಕಲ್ಪ, ಯಾವ ಮನ್ವಂತರ, ಯಾವ ದ್ವೀಪ. ಮೇರುವಿನ ಯಾವ ಪಕ್ಕ. ಮೇರು ನಟ್ಟನಡುವೆ, ನಾವು ಅದರ ದಕ್ಷಿಣಕ್ಕೆ. ಜೈನರ ಲೋಕವರ್ಣನೆಯಲ್ಲೂ ಜಂಬೂದ್ವೀಪದ ನಡುವಿರುವುದು ಮೇರುವೇ. ನಡು ಗೊತ್ತಿದ್ದರೆ ಉಳಿದದ್ದಕ್ಕೆಲ್ಲ ದಿಕ್ಕು ತಾನಾಗಿ ಸಿಗುತ್ತದೆ.

ಈಗಿನ ಖಗೋಳಶಾಸ್ತ್ರದಲ್ಲಿ ಆ ನಡುವೇ ಇಲ್ಲ. ಯಾರೋ ಊರೆಲ್ಲ ಸುತ್ತಿ, ಹುಡುಕಿ ಬಂದು ‘ಇಲ್ಲ’ ಎಂದದ್ದಲ್ಲ. ಅದು ಮೊದಲೇ ಇಟ್ಟುಕೊಂಡ ಒಂದು ಗೃಹೀತ. ವಿಶ್ವದಲ್ಲಿ ಯಾವ ಜಾಗಕ್ಕೂ ವಿಶೇಷ ಮರ್ಯಾದೆಯಿಲ್ಲ, ಸಾಕಷ್ಟು ದೊಡ್ಡ ಅಳತೆಯಲ್ಲಿ ನೋಡಿದರೆ ಎಲ್ಲ ಕಡೆಯೂ ಒಂದೇ ಥರ ಎನ್ನುವ ಇದಕ್ಕೆ ‘ವಿಶ್ವವೈಜ್ಞಾನಿಕ ತತ್ತ್ವ’ ಎಂದು ಹೆಸರು. 1930ರ ದಶಕದಲ್ಲಿ ಆ ಹೆಸರನ್ನು ಚಾಲ್ತಿಗೆ ತಂದವನು ಇಂಗ್ಲೆಂಡಿನ ಎಡ್ವರ್ಡ್ ಮಿಲ್ನ್.

ಅದರ ಹಿಂದೆ ನಾಕು ಶತಮಾನಗಳ ಕುರ್ಚಿ ಬಿಡಿಸುವ ಆಟವಿದೆ. 1543ರಲ್ಲಿ ಕೊಪರ್ನಿಕಸ್ ಭೂಮಿಯನ್ನು ನಡುವಿನಿಂದ ಎಬ್ಬಿಸಿ ಸೂರ್ಯನನ್ನು ಕೂರಿಸಿದ. 1918ರ ಸುಮಾರಿಗೆ ಹಾರ್ಲೊ ಶೇಪ್ಲಿ ಸೂರ್ಯನನ್ನೂ ಎಬ್ಬಿಸಿದ. ಆಕಾಶಗಂಗೆಯ ನಡುವಿನಿಂದ ನಾವು ಸುಮಾರು 26,000 ಜ್ಯೋತಿರ್ವರ್ಷ ಆಚೆಗಿದ್ದೇವೆ ಎಂಬುದು ಇಂದಿನ ಲೆಕ್ಕ. ಆದರೆ ಆಕಾಶಗಂಗೆಯೇ ಇಡೀ ವಿಶ್ವ ಎಂದು ಶೇಪ್ಲಿ ಹಟ ಹಿಡಿದಿದ್ದ. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡದಲ್ಲೊಂದು ಮಿಡಿಯುವ ತಾರೆಯನ್ನು ಗುರುತಿಸಿ ಅದರ ದೂರ ಲೆಕ್ಕಹಾಕಿದ ಮೇಲೆ ಆ ಹಟವೂ ಮುಗಿಯಿತು. ಅದು ಬೇರೆಯೇ ಗೆಲಾಕ್ಸಿ.

ಅದೇ ಹಬಲ್ 1929ರಲ್ಲಿ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ, ದೂರದವು ಇನ್ನೂ ಬೇಗ, ಎಂದು ತೋರಿಸಿದಾಗ ಯಾರಿಗಾದರೂ ಅನುಮಾನ ಬರಬೇಕು: ಎಲ್ಲವೂ ನಮ್ಮಿಂದಲೇ ಓಡುತ್ತಿದ್ದರೆ ನಡು ನಾವೇ ಅಲ್ಲವೆ? ಇಲಾಸ್ಟಿಕ್ ಪಟ್ಟಿಯೊಂದರ ಮೇಲೆ ಅಂಗುಲಕ್ಕೊಂದು ಚುಕ್ಕೆ ಇಟ್ಟು ಎಳೆಯಿರಿ. ಯಾವ ಚುಕ್ಕೆಯಿಂದ ನೋಡಿದರೂ ಉಳಿದವೆಲ್ಲ ಅದರಿಂದ ದೂರವಾಗುತ್ತವೆ. (ಪಟ್ಟಿಗೆ ತುದಿಯಿದೆ, ವಿಶ್ವಕ್ಕೆ ಅಂಥ ತುದಿಯಿಲ್ಲವೆಂದೇ ಎಣಿಕೆ; ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಬೇಕು.) ಹಾಗಾಗಿ ‘1380 ಕೋಟಿ ವರ್ಷಗಳ ಹಿಂದೆ ಮಹಾಸ್ಫೋಟ ಎಲ್ಲಾಯಿತು?’ ಎಂದು ಮಕ್ಕಳು ಕೇಳಿದರೆ, ನೀನು ಕೂತಲ್ಲೂ ಆಯಿತು ಎನ್ನುವುದೇ ಸರಿಯುತ್ತರ. ‘ಸ್ಫೋಟ’ ಎನ್ನುವ ಪದವೇ ನಮ್ಮ ದಾರಿ ತಪ್ಪಿಸುತ್ತದೆ. ಪಟಾಕಿ ಸಿಡಿಯಲು ಜಾಗ ಬೇಕು, ಇಲ್ಲಿ ಹಿಗ್ಗಿದ್ದೇ ಜಾಗ.

ತತ್ತ್ವದ ನಿಜವಾದ ತೊಡಕಿರುವುದು ಬೇರೆಡೆ. ಮಳೆಗಾಲದ ಆಗುಂಬೆಯ ಮಂಜಿನಲ್ಲಿ ನಿಂತವನಿಗೆ ಸುತ್ತ ನಾಕು ಮಾರು ಕಾಣುತ್ತದೆ, ಆ ವೃತ್ತದ ನಡುವೆ ಯಾವಾಗಲೂ ಅವನೇ. ನಮಗೆ ಕಾಣುವ ವಿಶ್ವವೂ ಹಾಗೆಯೇ. ಅದರ ಅಂಚಿನ ಮಂಜೂ ಬರೀ ಉಪಮೆಯಲ್ಲ: ಮೊದಲ 3,80,000 ವರ್ಷ ಬೆಳಕು ನೇರ ಸಾಗಲಾರದಷ್ಟು ಮಬ್ಬಿತ್ತು. ಅದು ತಿಳಿಯಾದಾಗ ಹೊರಟ ಬೆಳಕನ್ನೇ 1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದ ಬಿಡದ ಗುಂಯ್‌ಗುಡುವಿಕೆಯಾಗಿ ಹಿಡಿದು ವರದಿ ಮಾಡಿದರು. ಭೂಮಿಯ ಓಟದ ಪರಿಣಾಮ ಕಳೆದರೆ, ಎಲ್ಲ ದಿಕ್ಕಿನಲ್ಲೂ ಅದರ ಉಷ್ಣತೆಯ ಏರಿಳಿತ ಲಕ್ಷಕ್ಕೊಂದು ಪಾಲಿನಷ್ಟು. ಸರಿ, ಇಲ್ಲಿಂದ ಎಲ್ಲ ದಿಕ್ಕೂ ಸಮ. ಅಲ್ಲಿಂದ? ಅಲ್ಲಿಗೆ ಹೋಗಿ ನೋಡಿದವರಿಲ್ಲ. ದೂರ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದಾದ್ದರಿಂದ ದೂರದ ‘ಈಗ’ ನಮಗೆ ಕಾಣುವುದೇ ಇಲ್ಲ. ನಮ್ಮ ಜಾಗ ಮಾತ್ರ ವಿಶೇಷವಾಗಿರಲಿಕ್ಕಿಲ್ಲ ಎಂಬ ವಿನಯದಿಂದಲೇ ‘ಇಲ್ಲಿ’ಯನ್ನು ‘ಎಲ್ಲೆಡೆ’ ಮಾಡಿಕೊಂಡಿದ್ದೇವೆ. ವಿನಯ ಇಲ್ಲಿ ಗುಣವಲ್ಲ, ಸಮೀಕರಣ ಬಿಡಿಸಲು ಬೇಕಾದ ಸಾಮಗ್ರಿ.

ಇನ್ನು ಆ ‘ಸಾಕಷ್ಟು ದೊಡ್ಡ ಅಳತೆ’ ಎಂದರೆ ಎಷ್ಟು ದೊಡ್ಡದು? ಚಿತ್ರಾನ್ನದ ಒಂದು ತುತ್ತಿಗೆ ಶೇಂಗಾ ಸಿಕ್ಕರೆ ಇನ್ನೊಂದಕ್ಕೆ ಬರೀ ಮೆಣಸಿನಕಾಯಿ. ಆದರೆ ಸೌಟಿನಲ್ಲಿ ತೆಗೆದರೆ ಎಲ್ಲ ಸೌಟೂ ಹೆಚ್ಚುಕಡಿಮೆ ಒಂದೇ. ಗೆಲಾಕ್ಸಿಗಳೂ ಗುಂಪುಗಟ್ಟಿ, ಎಳೆಗಳಾಗಿ, ನಡುನಡುವೆ ಭಾರಿ ಪೊಳ್ಳು ಬಿಟ್ಟು ಹರಡಿವೆ. ಹತ್ತಾರು ಕೋಟಿ ಜ್ಯೋತಿರ್ವರ್ಷದ ಸೌಟು ಹಿಡಿದರೆ ಎಲ್ಲವೂ ಸಮವಾಗಬೇಕು. ಪುಣೆಯ ಖಗೋಳವಿಜ್ಞಾನ ಕೇಂದ್ರ ಐಯೂಕಾದವರೂ ಸೇರಿ ಭಾರತೀಯ ಖಗೋಳಜ್ಞರು 2017ರಲ್ಲಿ ಪ್ರಕಟಿಸಿದ ‘ಸರಸ್ವತಿ’ ಎಂಬ ಗೆಲಾಕ್ಸಿಗಳ ಮಹಾಗುಚ್ಛ ಒಂದೇ 60 ಕೋಟಿ ಜ್ಯೋತಿರ್ವರ್ಷ ಚಾಚಿದೆ. ಇಂಥವು ಇನ್ನಷ್ಟು ಸಿಕ್ಕರೆ ಸೌಟನ್ನು ದೊಡ್ಡದು ಮಾಡಬೇಕೋ, ಗೃಹೀತವನ್ನೇ ಬಿಡಬೇಕೋ ಎಂಬ ಜಗಳ ಬಲ್ಲವರ ನಡುವೆ ಇನ್ನೂ ನಡೆದಿದೆ.