ಮಣ್ಣಿನ ಮೂರ್ತಿ, ಮಕ್ಕಳ ಕೈ

ಶರನ್ನವರಾತ್ರಿಯಲ್ಲಿ ಆಸ್ತಿಕರ ಮನೆಗಳಲ್ಲಿ ಪಾರಾಯಣಗೊಳ್ಳುವ ದೇವೀಮಾಹಾತ್ಮ್ಯವು ಮಾರ್ಕಂಡೇಯ ಪುರಾಣದೊಳಗಿನ 13 ಅಧ್ಯಾಯಗಳ ಗ್ರಂಥ. ಮಹಿಷಾಸುರನ ವಧೆ, ಚಂಡಮುಂಡರ ವಧೆ, ಶುಂಭನಿಶುಂಭರ ವಧೆ ಇವು ಎಲ್ಲರ ನೆನಪಿನಲ್ಲಿಯೂ ಉಳಿಯುವ ಭಾಗಗಳು. ಆದರೆ ಆ ಕಥೆಯನ್ನು ಕೇಳಿದವರು ಯಾರು, ಕೇಳಿ ಮುಗಿದ ಮೇಲೆ ಅವರು ಮಾಡಿದ್ದೇನು ಎಂಬುದರ ಕಡೆಗೆ ಗಮನ ಹರಿಸುವವರು ವಿರಳ.

ಕೇಳಿದವರು ಇಬ್ಬರು, ಇಬ್ಬರೂ ಮನೆಯಿಂದ ದೂರವಾದವರು. ಸುರಥನೆಂಬ ಅರಸನು ಶತ್ರುಗಳಿಗೆ ಸೋತು, ತನ್ನ ಮಂತ್ರಿಗಳಿಂದಲೇ ಬೊಕ್ಕಸವನ್ನು ಕಳೆದುಕೊಂಡು, ಬೇಟೆಯ ನೆಪದಿಂದ ಒಬ್ಬನೇ ಕುದುರೆಯೇರಿ ಕಾಡಿಗೆ ಬಂದವನು. ಸಮಾಧಿಯೆಂಬ ವೈಶ್ಯನು ಹಣದಾಸೆಗೆ ಬಿದ್ದ ಹೆಂಡತಿ ಮಕ್ಕಳಿಂದಲೇ ಹೊರದೂಡಲ್ಪಟ್ಟವನು. ಆದರೂ ಅರಸನಿಗೆ ತನ್ನ ಪಟ್ಟದಾನೆಯು ಹೊಟ್ಟೆತುಂಬ ಮೇವು ತಿಂದೀತೇ ಎಂಬ ಚಿಂತೆ. ವೈಶ್ಯನಿಗೆ ತನ್ನನ್ನು ಹೊರದೂಡಿದ ಮಕ್ಕಳೇ ಈಗ ಹೇಗಿದ್ದಾರೋ ಎಂಬ ಕಳವಳ. ಬಿಟ್ಟು ಬಂದ ಮನೆಯು ಮನಸ್ಸನ್ನು ಬಿಡಲೊಲ್ಲದು. ಇದೇಕೆ ಹೀಗೆ ಎಂದು ಅವರು ಮೇಧಸ ಋಷಿಯನ್ನು ಕೇಳಿದರು. ಅದಕ್ಕೆ ಉತ್ತರವಾಗಿ ಬಂದುದೇ ದೇವಿಯ ಕಥೆ. ಕಥೆಯನ್ನು ಕೇಳಿದ ಇಬ್ಬರೂ ನದಿಯ ದಡಕ್ಕೆ ಹೋಗಿ, ಮಣ್ಣನ್ನು ಕೂಡಿಸಿ, ತಮ್ಮ ಕೈಯಾರೆ ದೇವಿಯ ಮೂರ್ತಿಯೊಂದನ್ನು ಮಾಡಿ, ಹೂವು ಧೂಪಗಳಿಂದ ಮೂರು ವರ್ಷಗಳ ಕಾಲ ಪೂಜಿಸಿದರು.

ರತ್ನಗಳನ್ನು ಕಂಡಿದ್ದ ಅರಸನು ಬೊಗಸೆ ತುಂಬ ಕೆಸರನ್ನು ಹಿಡಿದು ಕುಳಿತ ಆ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅವನಿಗೆ ಶಿಲ್ಪಶಾಸ್ತ್ರವು ತಿಳಿದಿತ್ತೆಂದು ಪುರಾಣವು ಹೇಳುವುದಿಲ್ಲ. ಮೂರ್ತಿಯು ಅಂದವಾಗಿತ್ತೆಂದೂ ಹೇಳುವುದಿಲ್ಲ. ದೇವಿಯು ಪ್ರತ್ಯಕ್ಷಳಾದಳೆಂದು ಮಾತ್ರ ಹೇಳುತ್ತದೆ.

ಮುಂಬಯಿ, ಪುಣೆ, ಮದರಾಸು, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರನ್ನು ಯಾರೂ ಮನೆಯಿಂದ ಹೊರದೂಡಲಿಲ್ಲ. ಅನ್ನದ ಕರೆಗೆ ಓಗೊಟ್ಟು ಬಂದವರು ಅವರು. ಆದರೂ ಆಶ್ವಯುಜ ಮಾಸ ಬಂತೆಂದರೆ ಅವರ ಮನಸ್ಸು ಸುರಥನ ಮನಸ್ಸಿನಂತೆಯೇ ಹಿಂದಕ್ಕೆ ಓಡುತ್ತದೆ. ಅಜ್ಜಿಯ ಮನೆಯ ಪಡಸಾಲೆ, ಗೊಂಬೆಗಳ ಮೆಟ್ಟಿಲು, ಊರ ಹೊರಗಿನ ಬನ್ನಿಮರ ಎಲ್ಲವೂ ಕಣ್ಣೆದುರು ಬಂದು ನಿಲ್ಲುತ್ತವೆ. ಇದು ತಂದೆತಾಯಿಯರ ಮಾತಾಯಿತು. ಈ ನಗರಗಳಲ್ಲಿಯೇ ಹುಟ್ಟಿ ಬೆಳೆಯುವ ಮಕ್ಕಳ ಗತಿಯೇನು? ಅವರಿಗೆ ಹಿಂದಕ್ಕೆ ಓಡಲು ನೆನಪೇ ಇಲ್ಲ. ಹಿರಿಯರಿಗೆ ಸ್ಮರಣೆಯಾಗಿರುವ ಹಬ್ಬವು ಅವರ ಪಾಲಿಗೆ ಬರಿಯ ನೋಟ. ಹೊಸ ಬಟ್ಟೆಯುಟ್ಟು, ಒಂದು ಮೂಲೆಯಲ್ಲಿ ಕುಳಿತು, ಮಂಗಳಾರತಿ ಯಾವಾಗ ಮುಗಿದೀತೆಂದು ಕಾಯುವ ಹೊತ್ತು. ನೋಡಿದ ಹಬ್ಬವು ಮರೆತುಹೋಗುತ್ತದೆ, ಮಾಡಿದ ಹಬ್ಬವು ಕೈಯಲ್ಲಿ ಉಳಿಯುತ್ತದೆ. ಆದುದರಿಂದ ಹಬ್ಬದ ಕೆಲಸವನ್ನು ಮಕ್ಕಳ ಕೈಗೆ ಕೊಡುವುದು ರಜೆಯ ದಿನಗಳನ್ನು ಕಳೆಯಿಸುವ ಉಪಾಯವೆಂದು ಯಾರೂ ತಿಳಿಯಬಾರದು. ಅದು ಪೂಜೆಯ ಅಂಗ.

ಇದಕ್ಕೆ ಶಾಸ್ತ್ರದ ಸಮ್ಮತಿಯೂ ಉಂಟು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಶ್ರೀಕೃಷ್ಣನು ಉದ್ಧವನಿಗೆ ಎಂಟು ಬಗೆಯ ಪ್ರತಿಮೆಗಳನ್ನು ಹೇಳುತ್ತಾನೆ. ಶಿಲೆಯದು, ಮರದ್ದು, ಲೋಹದ್ದು, ರತ್ನದ್ದು ಇವು ನಾಲ್ಕು. ಇವುಗಳ ಸಾಲಿನಲ್ಲಿಯೇ, ಇವುಗಳಿಗೆ ಸಮನಾಗಿ, ಮೆತ್ತಿ ಮಾಡಿದ್ದು, ಬರೆದು ಮಾಡಿದ್ದು, ಮರಳಿನಲ್ಲಿ ಮಾಡಿದ್ದು, ಮನಸ್ಸಿನಲ್ಲಿಯೇ ಮಾಡಿದ್ದು ಎಂಬ ನಾಲ್ಕೂ ಬರುತ್ತವೆ. ಮೊದಲಿನ ನಾಲ್ಕಕ್ಕೆ ಹಣ ಬೇಕು, ಶಿಲ್ಪಿ ಬೇಕು. ಉಳಿದ ನಾಲ್ಕು ಆರು ವರ್ಷದ ಮಗುವಿಗೂ ಸಾಧ್ಯ. ಮರಳು ಕಂಡಲ್ಲಿ ಗುಡಿ ಕಟ್ಟದ ಮಗು ಯಾವುದಿದೆ?

ಇಂದು ಒಂದು ಕರೆಗೆ ಬಣ್ಣ ಬಳಿದ ಮೂರ್ತಿಯು ಮನೆಯ ಬಾಗಿಲಿಗೆ ಬಂದು ಬೀಳುತ್ತದೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಅದರ ಜೊತೆಗೆ ಒಂದು ಮುದ್ದೆ ಜೇಡಿಮಣ್ಣೂ ಬರಲಿ. ಮಹಾನಗರದಲ್ಲಿ ಮಣ್ಣೆಲ್ಲಿದೆ ಎಂದು ಕೇಳುವವರುಂಟು; ಮುಂಬಯಿಯ ಧಾರಾವಿಯಲ್ಲಿ ಕುಂಬಾರರ ದೊಡ್ಡ ಕೇರಿಯೇ ಇದೆ, ಕೊಳ್ಳುವ ಮನಸ್ಸು ಬೇಕು. ಮಣ್ಣಿನೊಳಗಿನ ಕಲ್ಲು ಕಡ್ಡಿಗಳನ್ನು ಆರಿಸಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸಿ, ಚಪಾತಿಯ ಹಿಟ್ಟಿನ ಹದಕ್ಕೆ ನಾದಬೇಕು. ನಾದುವ ಕೆಲಸವನ್ನು ಗಂಡುಮಕ್ಕಳಿಗೇ ಕೊಡುವುದೊಳ್ಳೆಯದು. ಮೊದಲು ಪೀಠ, ಅದರ ಮೇಲೆ ಒಡಲು, ಆಮೇಲೆ ತಲೆ, ಕಡೆಗೆ ಕೈಗಳು. ಬಿಸಿಲಿಗಿಟ್ಟರೆ ಬಿರುಕು ಬಿಡುವುದರಿಂದ ನೆರಳಿನಲ್ಲಿ ಎರಡು ದಿನ ಒಣಗಿಸಿ, ಅರಿಸಿನ ಕುಂಕುಮಗಳನ್ನೇ ಬಣ್ಣವಾಗಿ ಹಚ್ಚಬಹುದು.

ಇನ್ನು ಹೇಳಬೇಕಾದುದು ತಾಯಂದಿರಿಗೆ. ಮಗು ಮಾಡಿದ ದೇವಿಗೆ ಮೂಗು ವಕ್ರವಾಗಿರುತ್ತದೆ. ಎಂಟು ಕೈಗಳಲ್ಲಿ ಐದು ಮಾತ್ರ ನಿಂತಿರುತ್ತವೆ. ಸಿಂಹವು ಬೆಕ್ಕಿನಂತೆ ಕಾಣುತ್ತದೆ. ಸಂಜೆ ಅರಿಸಿನ ಕುಂಕುಮಕ್ಕೆ ಹತ್ತು ಜನ ಮುತ್ತೈದೆಯರು ಬರುವರೆಂದು ಆ ಮೂರ್ತಿಯನ್ನು ಕೊಂಡುತಂದ ಮೂರ್ತಿಯ ಹಿಂದಕ್ಕೆ ಸರಿಸಿದರೆ, ಅಥವಾ ಮಗು ಮಲಗಿದ ಮೇಲೆ ಮೂಗನ್ನು ತಿದ್ದಿಬಿಟ್ಟರೆ, ಬೆಳಿಗ್ಗೆ ಆ ಮಗುವಿಗೆ ತಿಳಿಯುವುದು ಒಂದೇ: ಇದು ನನ್ನದಲ್ಲ. ಆ ಒಂದು ಅರಿವು ಬಂದ ಮೇಲೆ ಎಷ್ಟು ಸ್ತೋತ್ರಗಳನ್ನು ಕಂಠಪಾಠ ಮಾಡಿಸಿದರೂ ಫಲ ಅಷ್ಟಕ್ಕಷ್ಟೇ. ದೀಪದ ಬೆಳಕು ನೇರವಾಗಿ ಬೀಳುವ ಜಾಗವು ಆ ವಕ್ರ ಮೂಗಿನ ದೇವಿಗೇ ಸಲ್ಲತಕ್ಕದ್ದು. ಅದನ್ನು ಮಾಡಿದವನೇ ಅದಕ್ಕೆ ಮೊದಲ ಹೂವನ್ನು ಏರಿಸಲಿ.

ಉತ್ತರ ಕರ್ನಾಟಕದ ಮನೆಗಳ ಘಟಸ್ಥಾಪನೆಯು ಮಕ್ಕಳಿಗೆ ಇದಕ್ಕಿಂತಲೂ ಹತ್ತಿರವಾದುದು. ಪಾಡ್ಯದ ದಿನ ತಟ್ಟೆಯಲ್ಲಿ ಮಣ್ಣು ಹರಡಿ, ನಡುವೆ ಕಲಶವನ್ನಿಟ್ಟು, ಸುತ್ತಲೂ ಗೋಧಿ, ಜೋಳ, ಹೆಸರು ಮೊದಲಾದ ಧಾನ್ಯಗಳನ್ನು ಬಿತ್ತುವರು. ದಿನವೂ ನೀರು ಚಿಮುಕಿಸುವ ಅಧಿಕಾರವು ಮನೆಯ ಕಿರಿಯ ಮಗುವಿಗೆ ಇರಲಿ. ಮೊದಲೆರಡು ದಿನ ಏನೂ ಕಾಣದೆ ಆ ಮಗು ಹತ್ತು ಸಲ ಬಂದು ಇಣುಕುತ್ತದೆ. ಮುಂದೆ ಮೊಳಕೆಯು ಮಣ್ಣನ್ನು ಎತ್ತಿಕೊಂಡು ಮೇಲೇಳುವಾಗ ಅದು ಕೂಗುವ ಕೂಗಿಗಿಂತ ಒಳ್ಳೆಯ ಮಂಗಳವಾದ್ಯವು ಯಾವ ಮನೆಯಲ್ಲಿಯೂ ಮೊಳಗಲಾರದು. ಬಿಸಿಲು ಕಾಣದ ಆ ಪೈರು ಎಳೆಹಳದಿಯಾಗಿ ಬೆಳೆಯುತ್ತದೆ. ವಿಜಯದಶಮಿಯಂದು ಹೆಣ್ಣುಮಕ್ಕಳು ಅದನ್ನು ಮುಡಿಯುವರು, ಗಂಡಸರು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುವರು.

ಹಳೆಯ ಮೈಸೂರಿನ ಕಡೆಯವರಿಗೆ ಗೊಂಬೆ ಕೂರಿಸುವುದೇ ನವರಾತ್ರಿ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳಾದ ರಾಜರಾಣಿಯರು, ಕೆಳಗೆ ದಶಾವತಾರ, ಅದರ ಕೆಳಗೆ ಶೆಟ್ಟಿಯ ಅಂಗಡಿ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನು ಊರಿನಿಂದ ತರುವುದು ಸರಿಯೇ. ಆದರೆ ಕೆಳಗಿನ ಒಂದು ಮೆಟ್ಟಿಲನ್ನು ಪೂರ್ತಿಯಾಗಿ ಮಕ್ಕಳಿಗೇ ಬಿಟ್ಟುಕೊಟ್ಟು, ಅಜ್ಜನ ಊರನ್ನು ಅಲ್ಲಿ ಕಟ್ಟಿರೆಂದು ಹೇಳಿ ನೋಡಬೇಕು. ಬೆಂಕಿಪೊಟ್ಟಣಗಳು ಮನೆಗಳಾಗುವುವು, ಕನ್ನಡಿಯ ಚೂರು ಕೆರೆಯಾಗುವುದು, ಚಿಂದಿ ಬಟ್ಟೆಯು ರಥದ ಪತಾಕೆಯಾಗುವುದು. ಕಟ್ಟುವಾಗ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಬಾವಿಯು ಹಿತ್ತಿಲಲ್ಲಿತ್ತೋ ಅಂಗಳದಲ್ಲಿತ್ತೋ? ತೇರನ್ನು ಯಾರು ಎಳೆಯುತ್ತಿದ್ದರು? ಕಣ ಎಂದರೇನು? ಉತ್ತರ ಹೇಳಬೇಕಾದರೆ ತಂದೆಯು ಪತ್ರಿಕೆಯನ್ನು ಮಡಿಸಿಟ್ಟು ನೆಲದ ಮೇಲೆ ಕುಳಿತುಕೊಳ್ಳಲೇಬೇಕು. ಕನ್ನಡದ ಎಷ್ಟೋ ಶಬ್ದಗಳು ಆ ಒಂದು ಮೆಟ್ಟಿಲಿನ ಮೇಲೆ ಮನೆಯೊಳಕ್ಕೆ ಬಂದುಬಿಡುತ್ತವೆ. ಇಷ್ಟಲಿಂಗವನ್ನಲ್ಲದೆ ಬೇರೆ ಮೂರ್ತಿಯನ್ನು ಪೂಜಿಸದ ಶರಣರ ಮನೆಗಳಲ್ಲಿಯೂ ಮಕ್ಕಳು ಹೂವನ್ನು ಕಟ್ಟಬಹುದು, ಪತ್ರೆಯನ್ನು ಆರಿಸಬಹುದು. ಕೈಗೆ ಕಾಯಕ ದೊರೆತರೆ ಸಾಕು.

ಮೂಲಾ ನಕ್ಷತ್ರದಂದು ಸರಸ್ವತಿಯ ಆವಾಹನೆ, ಶ್ರವಣದಂದು ವಿಸರ್ಜನೆ. ನಡುವಿನ ದಿನಗಳಲ್ಲಿ ಪುಸ್ತಕಗಳು ಪೂಜೆಯಲ್ಲಿರುವುದರಿಂದ ಓದಕೂಡದು. ಧರ್ಮಶಾಸ್ತ್ರದ ವಿಧಿಗಳಲ್ಲಿ ಮಕ್ಕಳು ಚಾಚೂ ತಪ್ಪದೆ ಪಾಲಿಸುವುದು ಇದೊಂದನ್ನೇ! ಆ ಪುಸ್ತಕಗಳ ರಾಶಿಯ ಮೇಲೆ ಒಂದಾದರೂ ಕನ್ನಡ ಪುಸ್ತಕವಿರಲಿ. ಮಹಾರಾಷ್ಟ್ರದಲ್ಲಿ ಮಕ್ಕಳು ದಸರೆಯ ದಿನ ಹಲಗೆಯ ಮೇಲೆ ಒಂದು ಎಂಬ ಅಂಕಿಯನ್ನೇ ಸಾಲಾಗಿ ಬರೆದು ಸರಸ್ವತಿಯ ಆಕೃತಿಯನ್ನು ಮೂಡಿಸಿ ಪೂಜಿಸುವರು. ಭಾಗವತವು ಹೇಳುವ ಬರೆದು ಮಾಡಿದ ಪ್ರತಿಮೆಯು ಇದೇ ಅಲ್ಲವೆ? ನೆರೆಮನೆಯ ಈ ಪದ್ಧತಿಯನ್ನು ಕನ್ನಡದ ಮಕ್ಕಳೂ ಕಲಿಯಬಹುದು. ಅಂಕಿಯ ಜಾಗದಲ್ಲಿ ‘ಶ್ರೀ’ ಎಂದು ಬರೆದರಾಯಿತು.

ಹತ್ತನೆಯ ದಿನ ಬನ್ನಿ. ಅಜ್ಞಾತವಾಸದಲ್ಲಿ ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಕಥೆ ಮಕ್ಕಳಿಗೆ ಗೊತ್ತು. ಆದರೆ ಎಲೆಯು ಹೊನ್ನಾದುದೇಕೆಂಬುದಕ್ಕೆ ಕೌತ್ಸನ ಕಥೆ ಬೇಕು. ಗುರು ವರತಂತುವಿಗೆ 14 ಕೋಟಿ ಹೊನ್ನನ್ನು ದಕ್ಷಿಣೆಯಾಗಿ ಕೊಡಬೇಕಾಗಿ ಬಂದ ಆ ಶಿಷ್ಯನು ರಘುಮಹಾರಾಜನಲ್ಲಿಗೆ ಹೋದನು. ಯಜ್ಞದಲ್ಲಿ ಸರ್ವಸ್ವವನ್ನೂ ದಾನ ಮಾಡಿದ್ದ ರಘುವು ಕುಬೇರನ ಮೇಲೆ ದಂಡೆತ್ತಲು ಹೊರಟಾಗ ಹೊನ್ನಿನ ಮಳೆಯೇ ಸುರಿಯಿತು. ಅದು ಮರದ ಮೇಲೆ ಸುರಿಯಿತೆಂದು ಜನರು ಹೇಳುವರು. ಕಾಳಿದಾಸನ ರಘುವಂಶದಲ್ಲಿ ಅರಸನ ಕೋಶದಲ್ಲಿ. ಎಲ್ಲವನ್ನೂ ಒಯ್ಯೆಂದು ಅರಸನು, ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಬೇಡವೆಂದು ಶಿಷ್ಯನು. ಈ ಜಗಳವನ್ನು ಕೇಳಿದ ಮಕ್ಕಳು ಬೆರಗಾಗುವರು, ಏಕೆಂದರೆ ಅವರು ಕಂಡ ಜಗಳಗಳು ಬೇರೆ ಬಗೆಯವು.

ಮುಂಬಯಿಯ ದಾದರಿನಲ್ಲಿ ದಸರೆಯ ಹಿಂದಿನ ದಿನ ‘ಆಪ್ಟಾ’ ಎಲೆಗಳು ರಾಶಿರಾಶಿಯಾಗಿ ಬಂದು ಬೀಳುತ್ತವೆ. ಮರುದಿನ ಅವು ಕಾಲಕೆಳಗೆ. ಒಂದು ದಿನದ ಹೊನ್ನಿಗಾಗಿ ಅಷ್ಟು ಕೊಂಬೆಗಳನ್ನು ಕಡಿಯುವುದು ಯಾವ ದೇವಿಗೂ ಪ್ರಿಯವಾಗಲಾರದು. ದೇವರ ಮುಂದೆ ಇಡುವುದಕ್ಕೆ ಒಂದೆರಡು ನಿಜವಾದ ಎಲೆಗಳು ಸಾಕು. ಉಳಿದವನ್ನು ಮಕ್ಕಳು ಹೊಂಬಣ್ಣದ ಕಾಗದದಲ್ಲಿ ಕತ್ತರಿಸಿ, ಒಂದೊಂದು ಎಲೆಯ ಬೆನ್ನಿನ ಮೇಲೆ ಅದನ್ನು ಪಡೆಯುವ ಹಿರಿಯರ ಹೆಸರನ್ನು ಕನ್ನಡದಲ್ಲಿ ಬರೆಯಲಿ. ಅಜ್ಜ, ದೊಡ್ಡಮ್ಮ, ಸೋದರಮಾವ, ಕೆಳಮನೆಯ ಮರಾಠಿ ಆಜಿ. ಊರಿನಲ್ಲಿರುವವರಿಗೆ ಅಂಚೆಯಲ್ಲಿ ಕಳುಹಿಸಬೇಕು. ಒತ್ತಕ್ಷರ ತಪ್ಪಿದ್ದರೂ ತಪ್ಪಿಲ್ಲ. ಆ ಎಲೆಯನ್ನು ಅಜ್ಜನು ಪಂಚಾಂಗದ ನಡುವೆ ಇಟ್ಟುಕೊಳ್ಳುವನು.

ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸುವ ಸಂಪ್ರದಾಯವುಂಟು. ಅಂದು ಮಣ್ಣಿನ ದೇವಿಗೂ ವಿಸರ್ಜನೆ. ಸಮುದ್ರಕ್ಕೆ ಹೋಗಬೇಕಾಗಿಲ್ಲ, ಶುದ್ಧವಾದ ಬಕೆಟ್ಟಿನ ನೀರಿನಲ್ಲಿ ಮಗುವೇ ತನ್ನ ಮೂರ್ತಿಯನ್ನು ಇಳಿಸಲಿ. ಕರಗುವಾಗ ಕೆಲವು ಮಕ್ಕಳು ಅಳುತ್ತವೆ. ಅತ್ತರೆ ತಡೆಯಬಾರದು, ನಾಳೆ ಇನ್ನೊಂದನ್ನು ಕೊಡಿಸುತ್ತೇವೆಂದು ಹೇಳಲೂಬಾರದು. ಪಕ್ಕದಲ್ಲಿ ಕುಳಿತಿದ್ದರೆ ಸಾಕು. ಬೆಳಿಗ್ಗೆ ಆ ಮಣ್ಣುನೀರನ್ನು ತುಳಸಿಯ ಕುಂಡಕ್ಕೆ ಹಾಕುವ ಕೆಲಸವೂ ಆ ಮಗುವಿನದೇ. ಪಟ್ಟದ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟು, ಮುಚ್ಚಳದ ಮೇಲೆ ಆ ವರ್ಷದ ಸಂವತ್ಸರದ ಹೆಸರನ್ನೂ ತನ್ನ ಹೆಸರನ್ನೂ ಅದು ಬರೆದಿಡಲಿ.