ಮೂರು ಸೆಂಟಿಮೀಟರ್ ನೀರು

ನಿಪ್ಪಾಣಿಯ ಒಂದು ಗ್ಯಾರೇಜಿನಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಜೋಡಿಸಿದ ಕಟ್ಟಿಗೆಯ ಪೆಟ್ಟಿಗೆಯೊಂದಿದೆ. ಅದರ ಮೇಲಿನ ತೂತಿಗೆ ಆರ್‌ಎಕ್ಸ್ 100ರ ಕಾರ್ಬ್ಯುರೇಟರ್ ಕೂಡಿಸಿ, ಮೋಟಾರಿನಿಂದ ಗಾಳಿ ಎಳೆಸುತ್ತಾರೆ. ಆ ಬೈಕು ತಯಾರಾಗುವುದು 1996ರಲ್ಲೇ ನಿಂತಿತು; 2020ರ ಬಿಎಸ್-6 ನಿಯಮದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರೇ ಹೆಚ್ಚುಕಡಿಮೆ ಇಲ್ಲ. ಆದರೂ ಹುಡುಗರ ಹುಚ್ಚು ಬಿಟ್ಟಿಲ್ಲ.

ಪಕ್ಕದ ಹಲಗೆಗೆ ಕಟ್ಟಿದ ಎರಡು ಬಾಗಿದ ಪಾರದರ್ಶಕ ಪೈಪುಗಳಲ್ಲಿ ಜಿಲೇಬಿ ಬಣ್ಣ ಬೆರೆಸಿದ ನೀರಿದೆ. ಪೆಟ್ಟಿಗೆಯೊಳಗೆ ಒತ್ತಡ ಎಷ್ಟು ಇಳಿದಿದೆ ಎಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಗಾಳಿಯ ದಾರಿಗೆ ಅಡ್ಡ ಇಟ್ಟ ತೂತಿನ ತಗಡಿನ ಆಚೀಚೆಯ ವ್ಯತ್ಯಾಸ ತೋರಿಸುತ್ತದೆ. ಎಷ್ಟು ಗಾಳಿ ಹರಿಯಿತೆಂದು ಅದರಿಂದ ಲೆಕ್ಕ. ರೇಸಿಂಗ್ ಲೋಕದಲ್ಲಿ 28 ಇಂಚು ನೀರಿನ ಒತ್ತಡದಲ್ಲಿ ಅಳೆಯುವುದು ರೂಢಿ. ಈ ಬಡ ಮೋಟಾರಿಗೆ ಆ ತಾಕತ್ತಿಲ್ಲ, ಪೆಟ್ಟಿಗೆಯೂ ಸೋರುತ್ತದೆ. ಆದರೆ ಉಜ್ಜುವ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ ಅಳೆದರೆ ಸಿಗುವ ವ್ಯತ್ಯಾಸವನ್ನು ನಂಬಬಹುದು. ಷರತ್ತು ಒಂದೇ: ಮೊದಲನೆಯ ಪೈಪಿನ ನೀರು ಎರಡೂ ಸಲ ಅದೇ ಗೆರೆಗೆ ನಿಲ್ಲಬೇಕು.

ಅದೇ ಕಷ್ಟ. ನಮ್ಮ ಕಡೆ ಕಬ್ಬಿನ ಪಂಪ್‌ಸೆಟ್ಟುಗಳು ಒಮ್ಮೆಲೇ ಚಾಲೂ ಆದರೆ ವೋಲ್ಟೇಜ್ ಕುಸಿದು ಮೋಟಾರು ಸೊರಗುತ್ತದೆ. ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. ಮೊದಲು 24 ಸೆಂಟಿಮೀಟರಿನಲ್ಲಿ ಅಳೆದು, ಆಮೇಲೆ ಕರೆಂಟು ಚೆನ್ನಾಗಿದ್ದಾಗ 27ರಲ್ಲಿ ಅಳೆದರೆ, ಏನೂ ಉಜ್ಜದೆಯೇ ಶೇ. 6ರಷ್ಟು ಸುಧಾರಣೆ! ಮೋಸದ ಉದ್ದೇಶವೇ ಬೇಕಿಲ್ಲ. ದಣಿದ ಕಣ್ಣಿಗೆ ಮೂರು ಸೆಂಟಿಮೀಟರ್ ಕಾಣದೆ ಹೋಗುತ್ತದೆ, ಅದೂ ನಮಗೆ ಬೇಕಾದ ದಿಕ್ಕಿನಲ್ಲಿ.

ಪ್ರಮಾಣ ಎಂದರೆ ಅಳತೆ. ನ್ಯಾಯದರ್ಶನದಲ್ಲಿ ಅರಿವಿನ ಸಾಧನ. ಗುಡಿಯ ಮುಂದೆ ಮಾಡಿದರೆ ಆಣೆ. ಮೂರೂ ಒಂದೇ ಪದದಲ್ಲಿ ಯಾಕೆ ಕೂತಿವೆ ಎಂಬುದು ನನಗೆ ಹೊಳೆದದ್ದು ಆ ಪೆಟ್ಟಿಗೆಯ ಮುಂದೆ. ಕಂಪನಿಯ ಉಪಕರಣದ ಪರವಾಗಿ ಸರ್ಟಿಫಿಕೇಟು ಸಾಕ್ಷಿ ಹೇಳುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಮಾಡಿದವನೇ ಸಾಕ್ಷಿ, ಅವನೇ ಕಕ್ಷಿದಾರ.

ಹೆಚ್ಚು ಗಾಳಿಯೇ ಒಳ್ಳೆಯದು ಎಂದೂ ಆ ಮಿಸ್ತ್ರಿ ನಂಬುವುದಿಲ್ಲ. ವೆಂಚುರಿಯ ಕೊರಳು ಅಗಲವಾದರೆ ಕಡಿಮೆ ವೇಗದಲ್ಲಿ ಗಾಳಿಯ ಓಟ ತಗ್ಗಿ, ಜೆಟ್ಟಿನಿಂದ ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ. ಉಜ್ಜಿ ತೆಗೆದ ಲೋಹ ಮರಳಿ ಕೂಡುವುದೂ ಇಲ್ಲ.

ಒಂದು ದಿನ ಮಧ್ಯಾಹ್ನವಿಡೀ ಒಬ್ಬ ಹುಡುಗನ ಕಾರ್ಬ್ಯುರೇಟರನ್ನು ಒಳಗೆಲ್ಲ ನುಣುಪು ಮಾಡಿ ಅಳೆದರು. ಎರಡನೆಯ ಪೈಪಿನ ನೀರು ಹಳೆಯ ಜಾಗದಲ್ಲೇ ನಿಂತಿತು. ಹುಡುಗ ಮಾತ್ರ ಒಂದು ಸುತ್ತು ಹೊಡೆದು ಬಂದು, “ಕಾಕಾ, ಗಾಡಿ ಹಾರಾಕತ್ತೇತ್ರಿ!” ಎಂದ. ಆ ಖುಷಿ ಸುಳ್ಳಲ್ಲವಲ್ಲ, ಅದನ್ನೇಕೆ ಕೆಡಿಸಬೇಕು? ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ನನ್ನ ಪಿಎಚ್‌ಡಿಯ ಸರ್ವೆಯಲ್ಲಿ ಫಲಿತಾಂಶ ನೋಡಿದ ಮೇಲೆ ವಯೋಗುಂಪುಗಳ ಗೆರೆ ಸರಿಸಿದವನು ನಾನು.

“ಗಾಳಿ ಮೊದಲಿನಷ್ಟ ಐತಿ ತಮ್ಮಾ, ಏನೂ ಫರಕ್ ಬಿದ್ದಿಲ್ಲ,” ಎಂದರು ಮಿಸ್ತ್ರಿ. “ಏರ್ ಫಿಲ್ಟರ್ ಸ್ವಚ್ಛ ಮಾಡೀನಿ, ಅದರದಷ್ಟ ರೊಕ್ಕ ಕೊಡು.”

ಹುಡುಗನ ಮುಖ ಸಪ್ಪಗಾಯಿತು. ಹೊರಡುವಾಗ ಗಾಡಿಯ ಸದ್ದೂ ಕುಗ್ಗಿದಂತೆ ನನಗೆ ಕೇಳಿಸಿತು.